ಹಳೆ ಟೇಪಿನ ಯಕ್ಷಗಾನ ಆಟಗಳಿಗೊಂದು ಪುಟ್ಟ ಪಿಸಿ: ಬೋರ್ಡ್ ಆರಿಸಿದ್ದು ಹೀಗೆ

ಟಿವಿ ಕೆಳಗಿನ ಹಲಗೆಯಲ್ಲಿ ಕೂರುವಷ್ಟು ಸಣ್ಣ ಪಿಸಿ ಒಂದನ್ನು ಕಟ್ಟಿ ಮುಗಿಸಿದೆ. ಕೇಸು, ರ‍್ಯಾಮ್, ಎಸ್‌ಎಸ್‌ಡಿ ಆರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಲೆ ತಿಂದದ್ದು ಮದರ್‌ಬೋರ್ಡ್, ಅಂದರೆ ಉಳಿದ ಭಾಗಗಳೆಲ್ಲ ಕೂರುವ ಮುಖ್ಯ ಬೋರ್ಡ್. ಅದರ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತೇನೆ. ಸಣ್ಣ ಪಿಸಿಯಲ್ಲಿ ಬೋರ್ಡ್ ಒಮ್ಮೆ ನಿಶ್ಚಯವಾದರೆ ಉಳಿದದ್ದೆಲ್ಲ ಅದರ ಹಿಂದೆಯೇ ಹೋಗಬೇಕು. ಆಮೇಲೆ ಏನಾದರೂ ಸೇರಿಸೋಣ ಎಂದರೆ ಜಾಗವೂ ಇರುವುದಿಲ್ಲ, ಸ್ಲಾಟೂ ಇರುವುದಿಲ್ಲ.

ಮನೆ ಇರುವುದು ಕಾಸರಗೋಡಿನ ಬದಿಯಡ್ಕದ ಕಡೆ. ಅಪ್ಪನಿಗೆ ಯಕ್ಷಗಾನ ಅಂದರೆ ಜೀವ. ಮನೆಯಲ್ಲಿ ಹಳೆ ವಿಸಿಡಿಗಳಿವೆ, ಡಿವಿಡಿಗಳಿವೆ, ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಧ್ವನಿಮುದ್ರಣಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ ಚಿಕ್ಕಪ್ಪ ಒಂದು ಕಾಲದಲ್ಲಿ ಹ್ಯಾಂಡಿಕ್ಯಾಮ್ ಹಿಡಿದು ಊರೂರು ಸುತ್ತಿ ತೆಗೆದ ಮಿನಿ ಡಿವಿ ಟೇಪುಗಳು ಒಂದು ಪೆಟ್ಟಿಗೆ ತುಂಬಾ ಇವೆ. ಈ ಟೇಪುಗಳಲ್ಲಿರುವ ಆಟಗಳು ಬೇರೆ ಎಲ್ಲೂ ಇಲ್ಲ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಟೇಪಿನ ಅಂಚಿನಲ್ಲಿ ಬೂಷ್ಟು ಹಿಡಿಯಲು ಶುರುವಾಗಿತ್ತು. ಅದನ್ನು ಕಂಡ ಮೇಲೆ ಸುಮ್ಮನೆ ಕೂರಲು ಮನಸ್ಸಾಗಲಿಲ್ಲ.

ಹಾಗಾಗಿ ಪಿಸಿಗೆ ಎರಡು ಕೆಲಸ. ಒಂದು, ಇರುವ ಎಲ್ಲ ವಿಡಿಯೋವನ್ನು 4ಕೆ ಟಿವಿಯಲ್ಲಿ ಚೆನ್ನಾಗಿ ತೋರಿಸುವುದು. ಇನ್ನೊಂದು, ಟೇಪುಗಳನ್ನು ಡಿಸ್ಕಿಗೆ ಇಳಿಸುವುದು. ಟಿವಿಯಲ್ಲೇ ಯೂಟ್ಯೂಬ್ ಇದೆ, ಪೆನ್‌ಡ್ರೈವ್ ಹಾಕುವ ಜಾಗವೂ ಇದೆ, ಪಿಸಿ ಯಾಕೆ ಅಂತ ಕೇಳಬಹುದು. ಯೂಟ್ಯೂಬ್ ಮಾತ್ರ ಸಾಕಾದರೆ ಖಂಡಿತ ಬೇಡ, ಟಿವಿಯ ಆಪ್ ಧಾರಾಳ ಸಾಕು. ಆದರೆ ನಮ್ಮ ಟಿವಿಯ ಪ್ಲೇಯರ್‌ಗೆ ಇಡೀ ಡಿವಿಡಿಯನ್ನು ಒಂದೇ ಫೈಲ್ ಮಾಡಿಟ್ಟ ಐಎಸ್‌ಒ ಗೊತ್ತಿಲ್ಲ, ಡಿವಿ ಫೈಲ್ ಅಂತೂ ಮೊದಲೇ ಗೊತ್ತಿಲ್ಲ.

ಬಾವ ಒಬ್ಬರು ಬಂದಿದ್ದಾಗ ಕೇಳಿದರು, "ರೆಡಿಮೇಡ್ ಮಿನಿ ಪಿಸಿ ತಗೊಂಡ್ರೆ ಮುಗೀತಲ್ವಾ? ಅಂಗೈಯಷ್ಟೇ ಇರ್ತದೆ, ಬೆಲೆಯೂ ಕಮ್ಮಿ."

"ಟೇಪ್ ಇಳಿಸ್ಲಿಕ್ಕೆ ಫೈರ್‌ವೈರ್ ಬೇಕು ಬಾವ. ಅದಕ್ಕೆ ಕಾರ್ಡ್ ಹಾಕ್ಬೇಕು. ಮಿನಿ ಪಿಸಿಯಲ್ಲಿ ಕಾರ್ಡ್ ಹಾಕುವ ಸ್ಲಾಟ್ ಎಲ್ಲಿದೆ?"

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮನೆಯಲ್ಲಿ ಇಂಥ ಟೇಪು ಇರುವವರು ಬಹಳ ಜನ ಇದ್ದಾರೆ. ಮಿನಿ ಡಿವಿ ಟೇಪಿನಲ್ಲಿ ಇರುವುದು ಡಿಜಿಟಲ್ ದಾಖಲೆಯೇ. ಫೈರ್‌ವೈರ್ ಅಂದರೆ ಇಂಥ ಕ್ಯಾಮೆರಾಗಳಲ್ಲಿ ವಿಡಿಯೋ ಹೊರಗೆ ಕೊಡಲು ಇಟ್ಟ ಡಿಜಿಟಲ್ ಕಿಂಡಿ. ಅದರಿಂದ ಎಳೆದರೆ ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಬರುತ್ತದೆ. ಹಳದಿ-ಕೆಂಪು-ಬಿಳಿ ವಯರಿನಿಂದ ಎಳೆದರೆ ಅದು ಒಮ್ಮೆ ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುತ್ತದೆ, ಗುಣಮಟ್ಟ ಅಲ್ಲೇ ಕರಗುತ್ತದೆ. ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿ ಇದ್ದರೂ ಅದು ಹೆಚ್ಚಾಗಿ ಫೋಟೋ ಇಳಿಸಿಕೊಳ್ಳಲು ಅಥವಾ ವೆಬ್‌ಕ್ಯಾಮ್ ಆಗಿ ಬಳಸಲು ಇಟ್ಟದ್ದು. ಇನ್ನು ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಫೈರ್‌ವೈರ್ ಇರುವ ಅಗ್ಗದ ಕೇಬಲ್‌ಗಳು ಮಾರಾಟಕ್ಕೆ ಸಿಗುತ್ತವೆ. ದಯವಿಟ್ಟು ಕೊಳ್ಳಬೇಡಿ. ಎರಡರ ಭಾಷೆಯೇ ಬೇರೆ, ಬರೀ ವಯರ್ ಜೋಡಿಸಿದರೆ ಡಿವಿ ಬರುವುದಿಲ್ಲ. ಬೇಕಾದದ್ದು ಪಿಸಿಐ ಎಕ್ಸ್‌ಪ್ರೆಸ್ (ಪಿಸಿಐಇ) ಸ್ಲಾಟಿಗೆ ಹಾಕುವ ಫೈರ್‌ವೈರ್ ಕಾರ್ಡ್. ಹಾಗಾಗಿ ಬೋರ್ಡಿನಲ್ಲಿ ಒಂದಾದರೂ ಪಿಸಿಐಇ ಸ್ಲಾಟ್ ಇರಲೇಬೇಕು. ನನ್ನ ಮೊದಲ ಷರತ್ತು ಇದು.

ಅಳತೆಯ ವಿಷಯಕ್ಕೆ ಬರೋಣ. ಮಾಮೂಲಿ ಎಟಿಎಕ್ಸ್ ಬೋರ್ಡ್ 305 × 244 ಮಿ.ಮೀ. ಮೈಕ್ರೋ ಎಟಿಎಕ್ಸ್ ದೊಡ್ಡದೆಂದರೆ 244 × 244. ಮಿನಿ ಐಟಿಎಕ್ಸ್ 170 × 170. ವಿಐಎ ಕಂಪೆನಿ 2001ರಲ್ಲಿ ತಂದ ಅಳತೆ ಇದು, ಇವತ್ತಿಗೂ ಸಣ್ಣ ಪಿಸಿ ಕಟ್ಟುವವರು ಇದನ್ನೇ ನಂಬಿದ್ದಾರೆ. ಮಿನಿ ಐಟಿಎಕ್ಸ್‌ನಲ್ಲಿ ಒಂದೇ ಒಂದು ಸ್ಲಾಟ್ ಇರುತ್ತದೆ. ಅದು ಉದ್ದದ ಎಕ್ಸ್16 ಆದರೂ ಪರವಾಗಿಲ್ಲ, ಎಕ್ಸ್1ರ ಪುಟ್ಟ ಫೈರ್‌ವೈರ್ ಕಾರ್ಡ್ ಅದರಲ್ಲಿ ಆರಾಮಾಗಿ ಕೂರುತ್ತದೆ. ಥಿನ್ ಮಿನಿ ಐಟಿಎಕ್ಸ್ ಅಂತ ಇನ್ನೊಂದಿದೆ. ಉದ್ದ ಅಗಲ ಅದೇ, ಹಿಂದಿನ ಕಿಂಡಿಗಳ ಎತ್ತರ ಮಾತ್ರ ಕಮ್ಮಿ, ಲ್ಯಾಪ್‌ಟಾಪಿನ ರ‍್ಯಾಮ್ ಹಾಕಬೇಕು. ಅದು ಅಂಗಡಿಯಲ್ಲಿ ಸಿಗುವುದೇ ಅಪರೂಪ, ಹಾಗಾಗಿ ಬಿಟ್ಟೆ. ಮೈಕ್ರೋ ಎಟಿಎಕ್ಸ್ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ನಮ್ಮ ಟಿವಿ ಹಲಗೆಯ ಆಳಕ್ಕೆ ಅದರ ಕೇಸು ಹೊಂದುವುದಿಲ್ಲ.

ಇಲ್ಲಿ ಹೆಚ್ಚಿನವರು ಪ್ರೊಸೆಸರ್, ಚಿಪ್‌ಸೆಟ್ ನೋಡಲು ಶುರು ಮಾಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಟಿವಿಗೆ ಜೋಡಿಸುವ ಪಿಸಿಗೆ ಬೋರ್ಡ್ ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ಬೆನ್ನು. ಹಿಂದೆ ಯಾವ ಎಚ್‌ಡಿಎಂಐ ಇದೆ, ಅದು 4ಕೆಯನ್ನು ಎಷ್ಟು ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕೊಡುತ್ತದೆ ಅಂತ. ಟಿವಿಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಆಗ ಅರ್ಧಕ್ಕರ್ಧ ಬೋರ್ಡುಗಳು ತಾವಾಗಿ ಪಟ್ಟಿಯಿಂದ ಉದುರಿಹೋಗುತ್ತವೆ.

ಎಚ್‌ಡಿಎಂಐ 1.4ರಲ್ಲಿ 4ಕೆ ಬಂದರೆ ಸೆಕೆಂಡಿಗೆ 30 ಸಲ ಮಾತ್ರ. 2013ರಲ್ಲಿ ಬಂದ 2.0ರಲ್ಲಿ ಸೆಕೆಂಡಿಗೆ 18 ಗಿಗಾಬಿಟ್ ಹೋಗುತ್ತದೆ, 4ಕೆ 60 ಹರ್ಟ್ಜ್ ಸಿಗುತ್ತದೆ. ಸಿನಿಮಾ 24 ಫ್ರೇಮ್ ಅಲ್ವಾ, 30 ಸಾಕಲ್ಲ ಅನ್ನಬಹುದು. ಸಿನಿಮಾಕ್ಕೆ ಹೇಗೋ ನಡೆದೀತು. ನಮ್ಮ ಹಳೆ ಯಕ್ಷಗಾನಕ್ಕೆ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಪಾಲ್ ಎಂಬ ಟಿವಿ ಪದ್ಧತಿ ಇತ್ತು. ಆ ಡಿವಿಡಿ, ಆ ಡಿವಿ ಟೇಪು ಎಲ್ಲ 720 × 576 ಅಳತೆಯಲ್ಲಿ ಸೆಕೆಂಡಿಗೆ 25 ಫ್ರೇಮ್. ಆದರೆ ಒಂದೊಂದು ಫ್ರೇಮೂ ಎರಡು ಅರ್ಧಗಳಾಗಿ, ಸಾಲು ಬಿಟ್ಟು ಸಾಲು ದಾಖಲಾಗಿದೆ. ಅಂದರೆ ನಿಜವಾಗಿ ಸೆಕೆಂಡಿಗೆ 50 ಬೇರೆ ಬೇರೆ ಕ್ಷಣಗಳು ಟೇಪಿನಲ್ಲಿವೆ. ತೆಂಕುತಿಟ್ಟಿನ, ಅಂದರೆ ನಮ್ಮ ಕಡೆಯ ಶೈಲಿಯ ವೇಷ ಗಿರಗಿರನೆ ಹಾರಿ ಸುತ್ತುತ್ತಾ ದಿಗಿಣ ಹಾಕುವಾಗ ಆ 50 ಕ್ಷಣಗಳೂ ಬೇಕು. ಅರ್ಧ ಬಿಸಾಡಿದರೆ ದಿಗಿಣ ತುಂಡು ತುಂಡಾಗಿ ಕಾಣುತ್ತದೆ. ಸಾಲುಗಳನ್ನು ಸರಿಯಾಗಿ ಬಿಡಿಸದಿದ್ದರೆ ಸುತ್ತುವ ವೇಷದ ಅಂಚಿನಲ್ಲೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗಳು ಏಳುತ್ತವೆ. ಇದನ್ನೆಲ್ಲ ಪೂರ್ತಿ ತೋರಿಸಲು ಟಿವಿ 50 ಹರ್ಟ್ಜ್‌ನಲ್ಲಿ ಓಡಬೇಕು. 4ಕೆಯಲ್ಲಿ 50 ಬೇಕಾದರೆ ಎಚ್‌ಡಿಎಂಐ 2.0 ಬೇಕು.

ಹೀಗಾಗಿ ಸೆಕೆಂಡ್ ಹ್ಯಾಂಡ್ ಬೋರ್ಡುಗಳ ಆಸೆ ಕೈಬಿಟ್ಟೆ. ಇಂಟೆಲ್‌ನ 8 ಮತ್ತು 9ನೇ ತಲೆಮಾರಿನ ಪ್ರೊಸೆಸರ್ ಹಾಕುವ ಬೋರ್ಡುಗಳು ಸೆಕೆಂಡ್ ಹ್ಯಾಂಡ್ ಬೆಲೆಗೆ ಸಿಗುತ್ತವೆ. ಆದರೆ ಆ ಪ್ರೊಸೆಸರಿನ ಗ್ರಾಫಿಕ್ಸ್ ಸ್ವಂತವಾಗಿ ಕೊಡುವುದು ಎಚ್‌ಡಿಎಂಐ 1.4 ಮಾತ್ರ. 2.0 ಬೇಕಾದರೆ ಬೋರ್ಡ್ ತಯಾರಿಸುವವರು ಬೇರೆ ಚಿಪ್ ಒಂದನ್ನು ಸೇರಿಸಬೇಕಿತ್ತು, ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದನ್ನು ಸೇರಿಸುತ್ತಿರಲಿಲ್ಲ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದರಿಂದ ಎಚ್‌ಡಿಎಂಐ 2.0 ಮಾಡಿಕೊಡುವ ಆ್ಯಕ್ಟಿವ್ ಅಡಾಪ್ಟರ್ ಸಿಗುತ್ತದೆ. ಈಗಾಗಲೇ ಅಂಥ ಬೋರ್ಡ್ ಇರುವವರಿಗೆ ಅದು ಒಳ್ಳೆ ದಾರಿ. ಹೊಸದಾಗಿ ಕಟ್ಟುವಾಗ ನಡುವೆ ಇನ್ನೊಂದು ತುಂಡು ಯಾಕೆ?

ಎರಡನೆಯದು ಪ್ರೊಸೆಸರಿನೊಳಗಿನ ವಿಡಿಯೋ ಬಿಡಿಸುವ ಭಾಗ, ಅಂದರೆ ಒತ್ತಿ ಸಣ್ಣದು ಮಾಡಿದ ವಿಡಿಯೋವನ್ನು ಮತ್ತೆ ಚಿತ್ರ ಮಾಡುವ ಡಿಕೋಡರ್. ಯೂಟ್ಯೂಬ್ ಈಗ ವಿಪಿ9 ಮತ್ತು ಎವಿ1 ಎಂಬ ಎರಡು ಒತ್ತುವ ಬಗೆಗಳಲ್ಲೂ ವಿಡಿಯೋ ಕೊಡುತ್ತದೆ. ಎವಿ1 ಅನ್ನು ಹಾರ್ಡ್‌ವೇರ್ ಬಿಡಿಸದಿದ್ದರೆ ಪ್ರೊಸೆಸರ್ ಬಿಸಿಯಾಗುತ್ತದೆ, ಫ್ಯಾನ್ ಕಿರುಚುತ್ತದೆ. ಎಎಂಡಿಯ ರೈಜನ್ 5 5600ಜಿ ನನಗೆ ಇಷ್ಟದ ಪ್ರೊಸೆಸರ್, ಆದರೆ ಅದರ ಗ್ರಾಫಿಕ್ಸ್‌ಗೆ ಎವಿ1 ಬರುವುದಿಲ್ಲ. ಎಎಂಡಿಯಲ್ಲಿ ಅದು ಬೇಕಾದರೆ ಹೊಸ ಎಎಂ5 ಸಾಕೆಟ್ಟಿನ ಬೋರ್ಡಿಗೆ ಹೋಗಬೇಕು, ಐಟಿಎಕ್ಸ್‌ನಲ್ಲಿ ಅದರ ಬೆಲೆ ಈ ಕೆಲಸಕ್ಕೆ ತೀರಾ ಹೆಚ್ಚು. ಇಂಟೆಲ್‌ನ 12ನೇ ತಲೆಮಾರಿನ ಐ3-12100ರಲ್ಲಿ ಎವಿ1 ಇದೆ, 10 ಬಿಟ್ ಎಚ್‌ಇವಿಸಿ ಎಂಬ ಇನ್ನೊಂದು ಬಗೆಯೂ ಇದೆ. ಹೆಸರಿನ ಕೊನೆಗೆ ಎಫ್ ಇರುವುದನ್ನು ಮಾತ್ರ ತೆಗೆದುಕೊಳ್ಳಬಾರದು. ಅದರಲ್ಲಿ ಗ್ರಾಫಿಕ್ಸೇ ಇಲ್ಲ, ಬೋರ್ಡಿನ ಎಚ್‌ಡಿಎಂಐ ಸುಮ್ನೆ ತೂತಾಗಿ ಉಳಿಯುತ್ತದೆ.

ಕೊನೆಗೆ ಉಳಿದದ್ದು ಎರಡು ದಾರಿ. ಒಂದು ಎಚ್610 ಚಿಪ್‌ಸೆಟ್ಟಿನ ಮಿನಿ ಐಟಿಎಕ್ಸ್ ಬೋರ್ಡಿಗೆ ಐ3-12100 ಹಾಕುವುದು. ಇನ್ನೊಂದು ಇಂಟೆಲ್ ಎನ್100 ಪ್ರೊಸೆಸರ್ ಬೆಸುಗೆ ಹಾಕಿಯೇ ಬರುವ ಬೋರ್ಡ್.

ಐ3ಯ ಬಲದ ಬಗ್ಗೆ ಎರಡು ಮಾತಿಲ್ಲ. ಟೇಪಿನಿಂದ ಬಂದ ವಿಡಿಯೋವನ್ನು ಶುಚಿ ಮಾಡಿ ಹೊಸ ಫೈಲ್ ಮಾಡಲು ಎನ್100ಕ್ಕಿಂತ ಅದು ಎಷ್ಟೋ ಬೇಗ. ಆದರೆ ಬೇಸ್ ಪವರ್ 60 ವ್ಯಾಟ್, ಟರ್ಬೋಗೆ ಹೋದರೆ 89. ಕೂಲರ್ ಬೇಕು. ಇಂಟೆಲ್ ಜೊತೆಗೆ ಕೊಡುವ ಕೂಲರಿನ ಎತ್ತರ 47 ಮಿ.ಮೀ. ಸುಮಾರು, ತೆಳ್ಳಗಿನ ಕೇಸುಗಳಲ್ಲಿ ಅದು ಮುಚ್ಚಳಕ್ಕೆ ತಾಗುತ್ತದೆ. ನಾಕ್ಟುವಾದ 37 ಮಿ.ಮೀ. ಎತ್ತರದ್ದು ಹಿಡಿಸುತ್ತದೆ, ಅದಕ್ಕೆ ಬೇರೆ ದುಡ್ಡು. ಮತ್ತೆ ಪವರ್ ಸಪ್ಲೈ, ಅದರೊಳಗೂ ಫ್ಯಾನ್. ತಾಳಮದ್ದಳೆ ಕೇಳುವಾಗ ಅರ್ಥಧಾರಿ ಒಂದು ಕ್ಷಣ ಮಾತು ನಿಲ್ಲಿಸುತ್ತಾರಲ್ಲ, ಆ ಮೌನದಲ್ಲಿ ಫ್ಯಾನಿನ ಸದ್ದು ಕೇಳಬಾರದು ಅಂತ ನನ್ನ ಹಟ. ಅದೂ ಅಲ್ಲದೆ ನಮ್ಮ ಮನೆಗಳಲ್ಲಿ ಫ್ಯಾನ್ ಎಂದರೆ ಧೂಳನ್ನೂ ತೇವವನ್ನೂ ಒಳಗೆ ಎಳೆದುಕೊಳ್ಳುವ ಯಂತ್ರ. ಅಡಿಕೆ ಸುಲಿಯುವ ಕಾಲದಲ್ಲಿ ಜಗಲಿಯ ಧೂಳು ಎಲ್ಲಿಗೆಲ್ಲ ಹೋಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಎನ್100ದ್ದು ನಾಲ್ಕು ಸಣ್ಣ ಕೋರ್, ಇಂಟೆಲ್ ಹೇಳುವ ಟಿಡಿಪಿ 6 ವ್ಯಾಟ್. ರ‍್ಯಾಮ್ ಒಂದೇ ಚಾನೆಲ್. ಆಟ ಆಡಲು ಇದು ಪ್ರಯೋಜನವಿಲ್ಲ, ಕಂಪ್ಯೂಟರ್ ಆಟ ಅಂತ ಅರ್ಥ. ಆದರೆ ವಿಡಿಯೋ ಬಿಡಿಸುವ ಭಾಗ ಐ3ಯಷ್ಟೇ ಸಮರ್ಥ, ಎವಿ1 ಕೂಡ ಬರುತ್ತದೆ. ಇದರಲ್ಲಿ ನಾನು ನೋಡಿದ್ದು ಎರಡು ಬೋರ್ಡ್. ಏಸಸ್‌ನ ಪ್ರೈಮ್ ಎನ್100ಐ-ಡಿ ಡಿ4, ಮತ್ತು ಆ್ಯಸ್‌ರಾಕ್‌ನ ಎನ್100ಡಿಸಿ-ಐಟಿಎಕ್ಸ್. ಎರಡಕ್ಕೂ ಫ್ಯಾನಿಲ್ಲದ ಹೀಟ್‌ಸಿಂಕ್, ಎರಡರಲ್ಲೂ ಪಿಸಿಐಇ ಸ್ಲಾಟ್. ಏಸಸ್‌ನದಕ್ಕೆ ಲ್ಯಾಪ್‌ಟಾಪಿನ ಡಿಡಿಆರ್4 ರ‍್ಯಾಮ್ ಬೇಕು, ಮಾಮೂಲಿ ಪವರ್ ಸಪ್ಲೈ ಬೇಕು. ಆ್ಯಸ್‌ರಾಕ್‌ನದಕ್ಕೆ ಡೆಸ್ಕ್‌ಟಾಪಿನ ರ‍್ಯಾಮ್, ಮತ್ತು ವಿದ್ಯುತ್ತಿಗೆ ಹಿಂದೆ 19 ವೋಲ್ಟಿನ ಜ್ಯಾಕ್. ಲ್ಯಾಪ್‌ಟಾಪಿಗೆ ಕೊಡುವಂಥ ಅಡಾಪ್ಟರ್ ಸಿಕ್ಕಿಸಿದರೆ ಮುಗಿಯಿತು. ಪವರ್ ಸಪ್ಲೈ ಪೆಟ್ಟಿಗೆಯೇ ಇಲ್ಲದಿದ್ದರೆ ಕೇಸು ಎಷ್ಟು ಸಣ್ಣದಾಗಬಹುದು, ನೋಡಿ.

ಅದನ್ನೇ ತೆಗೆದುಕೊಂಡೆ. ಮಂಗಳೂರಿನ ಅಂಗಡಿಯಲ್ಲಿ ಇರಲಿಲ್ಲ, ತರಿಸಿಕೊಡಲು ಹೇಳಿ ಕಾದು ತಂದೆ. ಟೇಪಿನಿಂದ ಬಂದ ವಿಡಿಯೋ ಶುಚಿ ಮಾಡುವ ಭಾರದ ಕೆಲಸವನ್ನು ನನ್ನ ಕೋಣೆಯ ದೊಡ್ಡ ಪಿಸಿಯಲ್ಲಿ ಮಾಡಿಕೊಂಡರಾಯಿತು. ಚಾವಡಿಯ ಪಿಸಿ ಟೇಪನ್ನು ಇಳಿಸಿಕೊಳ್ಳಲಿ, ಆಟ ತೋರಿಸಲಿ, ಸದ್ದು ಮಾಡದಿರಲಿ. ಅಷ್ಟು ಸಾಕು.

ಅಡಾಪ್ಟರ್ ವಿಷಯದಲ್ಲಿ ಒಂದು ಎಚ್ಚರ. 19 ವೋಲ್ಟ್ ಎಂದ ಮಾತ್ರಕ್ಕೆ ಮನೆಯಲ್ಲಿರುವ ಯಾವುದೋ ಹಳೆ ಲ್ಯಾಪ್‌ಟಾಪಿನದನ್ನು ಸಿಕ್ಕಿಸಬಾರದು. ಪಿನ್ನಿನ ಒಳ ವ್ಯಾಸ, ಹೊರ ವ್ಯಾಸ ಕಂಪೆನಿಯಿಂದ ಕಂಪೆನಿಗೆ ಬೇರೆ. ಬೋರ್ಡಿನ ಮ್ಯಾನ್ಯುಯಲ್ ತೆಗೆದು ಅಳತೆ ನೋಡಿ, ನಡುವಿನ ಪಿನ್ ಪಾಸಿಟಿವ್ ಹೌದಾ ಅಂತ ಮಲ್ಟಿಮೀಟರಿನಲ್ಲಿ ನೋಡಿ, ಆಮೇಲೆ ಹಾಕಿ. ನಾನು 65 ವ್ಯಾಟಿನ ಹೊಸ ಅಡಾಪ್ಟರ್ ತಂದೆ. ಹಾರ್ಡ್‌ಡಿಸ್ಕಿಗೆ ವಿದ್ಯುತ್ ಕೂಡ ಬೋರ್ಡಿನಿಂದಲೇ ಹೋಗುವುದರಿಂದ 3.5 ಇಂಚಿನ ದೊಡ್ಡ ಡಿಸ್ಕಿನ ಬದಲು 2.5 ಇಂಚಿನ 2 ಟಿಬಿ ಎಸ್‌ಎಸ್‌ಡಿ ಹಾಕಿದೆ. ಲೆಕ್ಕ ಸುಲಭ. ಡಿವಿ ವಿಡಿಯೋ ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ, 100 ಗಂಟೆಗೆ 1.3 ಟಿಬಿ. ಆಪರೇಟಿಂಗ್ ಸಿಸ್ಟಂ ಇರುವುದು ಬೇರೆ ಎಂ.2 ಡ್ರೈವಿನಲ್ಲಿ, ಅದು ಬೋರ್ಡಿಗೇ ನೇರ ಸಿಕ್ಕಿಸುವ ಪುಟ್ಟ ಎಸ್‌ಎಸ್‌ಡಿ. ರ‍್ಯಾಮ್ 8 ಜಿಬಿಯ ಒಂದು ಕಡ್ಡಿ.

ಫೈರ್‌ವೈರ್ ಕಾರ್ಡ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವುದನ್ನು ಹುಡುಕಿದೆ, ಜೊತೆಗೆ ಗಿಡ್ಡ ಬ್ರ್ಯಾಕೆಟ್ ಬರುವಂಥದ್ದು. ಗಿಡ್ಡ ಬ್ರ್ಯಾಕೆಟ್ ಇಲ್ಲದಿದ್ದರೆ ಸಣ್ಣ ಕೇಸಿನಲ್ಲಿ ಕಾರ್ಡ್ ನಿಲ್ಲುವುದಿಲ್ಲ. ಹ್ಯಾಂಡಿಕ್ಯಾಮ್ ಕಡೆ ಇರುವುದು 4 ಪಿನ್ನಿನ ಕಿಂಡಿ, ಕಾರ್ಡಿನ ಕಡೆ 6 ಪಿನ್. 4 ಪಿನ್ನಿನಲ್ಲಿ ವಿದ್ಯುತ್ ಹೋಗುವುದಿಲ್ಲ, ಕ್ಯಾಮೆರಾಕ್ಕೆ ಅದರದೇ ಅಡಾಪ್ಟರ್ ಕೊಡಬೇಕು. ಕ್ಯಾಮೆರಾ ಆಫ್ ಇರುವಾಗಲೇ ಕೇಬಲ್ ಸಿಕ್ಕಿಸಿ. ಓಡುತ್ತಿರುವಾಗ ಸಿಕ್ಕಿಸಿದರೆ ಕ್ಯಾಮೆರಾದ ಫೈರ್‌ವೈರ್ ಚಿಪ್ ಸುಟ್ಟುಹೋಗುವ ಅಪಾಯ ಇದೆ, ಈಗ ಅದನ್ನು ರಿಪೇರಿ ಮಾಡುವವರು ಸಿಗುವುದು ಕಷ್ಟ.

ಕೇಸು ಅಲ್ಯೂಮಿನಿಯಂನದ್ದು, ಮೇಲೆ ಪೂರ್ತಿ ತೂತುಗಳು. ಬಿಸಿಗಾಳಿ ತಾನಾಗಿ ಮೇಲೆ ಹೋಗಬೇಕಾದರೆ ಮೇಲ್ಗಡೆ ತೆರೆದಿರಬೇಕು, ಕೆಳಗಿನಿಂದ ಗಾಳಿ ಬರಲು ರಬ್ಬರ್ ಪಾದ ಎತ್ತರ ಇರಬೇಕು. ಆದರೆ ತೂತು ಇದ್ದರೆ ಹಲ್ಲಿ, ಇರುವೆ. ಬೆಚ್ಚಗಿನ ಜಾಗ ಇರುವೆಗೆ ಬಹಳ ಇಷ್ಟ, ಮಳೆಗಾಲದಲ್ಲಿ ಮೊಟ್ಟೆ ಹೊತ್ತುಕೊಂಡು ಬಂದು ಸಂಸಾರವನ್ನೇ ಹೂಡುತ್ತವೆ. ಕಿಟಕಿಗೆ ಹಾಕುವ ಸ್ಟೀಲಿನ ಸೊಳ್ಳೆ ಬಲೆಯನ್ನು ಕತ್ತರಿಸಿ ಒಳಗಿನಿಂದ ಅಂಟಿಸಿದೆ. ಬಲೆ ಬೋರ್ಡಿಗೆ ತಾಗದಂತೆ ಅಂಚಿಗೆಲ್ಲ ಇನ್ಸುಲೇಶನ್ ಟೇಪ್ ಸುತ್ತಬೇಕು, ಒಂದು ತಂತಿ ಜಾರಿ ಬಿದ್ದರೂ ಶಾರ್ಟ್ ಆಗುತ್ತದೆ. ಸಣ್ಣ ಇರುವೆ ಇದರಲ್ಲೂ ನುಗ್ಗೀತು, ಅದಕ್ಕೆ ಹಲಗೆಯ ಕಾಲಿಗೆ ಇರುವೆ ಚಾಕ್‌ನ ಗೆರೆ ಇದ್ದೇ ಇದೆ. ಹಿಂದಿನ ಕಿಂಡಿಗಳ ಸುತ್ತ ಕೂರುವ ಐಒ ತಗಡನ್ನು ಬಿಡದೆ ಹಾಕಿ, ಅದೂ ಒಂದು ಬಾಗಿಲೇ.

ಬಿಸಿಯ ಲೆಕ್ಕ ಹೀಗಿದೆ. ಮೇ ತಿಂಗಳ ಸೆಕೆಯಲ್ಲಿ ಡಿವಿಡಿ ಓಡುವಾಗ 60 ಡಿಗ್ರಿ ಆಸುಪಾಸು. ಬೇಕಂತಲೇ ಪೂರ್ತಿ ಲೋಡ್ ಕೊಟ್ಟು ಬಿಟ್ಟಾಗ 80 ದಾಟಿತು. ಈ ಪ್ರೊಸೆಸರಿನ ಮಿತಿ 105 ಡಿಗ್ರಿ, ಹಾಗಾಗಿ ಭಯವಿಲ್ಲ. ಎಂ.2 ಡ್ರೈವಿಗೆ ಮಾತ್ರ ಒಂದು ತೆಳ್ಳನೆ ಹೀಟ್‌ಸಿಂಕ್ ಅಂಟಿಸಿದೆ.

ಆನ್ ಮಾಡುವ ವಿಷಯ ಸ್ವಲ್ಪ ಯೋಚಿಸಬೇಕಾಯಿತು. ಪಿಸಿ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎಚ್‌ಡಿಎಂಐ ಸಿಇಸಿ ಕೆಲಸ ಮಾಡುವುದಿಲ್ಲ, ಅಂದರೆ ಟಿವಿಯ ರಿಮೋಟಿನಿಂದ ಪಿಸಿ ಏಳುವುದಿಲ್ಲ. ಸಿಇಸಿಗೆ ಪಲ್ಸ್-ಏಟ್ ಅವರ ಯುಎಸ್‌ಬಿ ಅಡಾಪ್ಟರ್ ಇದೆ. ಯುಎಸ್‌ಬಿ ರಿಮೋಟಿನಿಂದ ನಿದ್ದೆಯಲ್ಲಿರುವ ಪಿಸಿಯನ್ನು ಎಬ್ಬಿಸಬಹುದು. ಆದರೆ ಕರೆಂಟ್ ಹೋಗಿ ಬಂದ ಮೇಲೆ ಪೂರ್ತಿ ಆಫ್ ಆಗಿರುವುದನ್ನು ಎಬ್ಬಿಸಲು ಬಟನ್ನೇ ಒತ್ತಬೇಕು. ಕೇಸಿನ ಬಟನ್ ಸಾಸಿವೆಯಷ್ಟು, ಅದೂ ಹಲಗೆಯ ಒಳಗೆ. ಅಪ್ಪನಿಗೆ ಬಗ್ಗಿ ಹುಡುಕುವ ಕಷ್ಟ ಬೇಡ ಅಂತ ಕಾಲಿಂಗ್ ಬೆಲ್ಲಿನ ಸ್ವಿಚ್ ಒಂದನ್ನು ತಂದು ಟಿವಿ ಹಲಗೆಯ ಬದಿಗೆ ಕೂರಿಸಿದೆ. ಬೋರ್ಡಿನ ಪವರ್ ಬಟನ್ ಪಿನ್ನುಗಳು ಕೇಳುವುದು ಒತ್ತಿದಾಗ ಕೂಡಿ, ಬಿಟ್ಟಾಗ ಬಿಡುವ ಸ್ವಿಚ್ ಮಾತ್ರ, ಬೆಲ್ ಸ್ವಿಚ್ ಅದನ್ನೇ ಮಾಡುತ್ತದೆ. ಎರಡು ಸಣ್ಣ ವಯರ್, ಪ್ಲಸ್ ಮೈನಸ್ ನೋಡಬೇಕಾಗಿಯೂ ಇಲ್ಲ. ಮನೆಯ 230 ವೋಲ್ಟಿನ ಪೆಟ್ಟಿಗೆಯೊಳಗೆ ಇದನ್ನು ಇಡಬಾರದು, ಬೇರೆಯೇ ಇರಬೇಕು. ಅಪ್ಪನಿಗೆ ಇದು ತುಂಬಾ ಇಷ್ಟವಾಗಿದೆ.

ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಪಿಸಿ ತಾನಾಗಿ ಆನ್ ಆಗುವ ಆಯ್ಕೆ ಇರುತ್ತದೆ. ಎಷ್ಟೋ ಜನ ಅದನ್ನು ಹಾಕಿ ಅನ್ನುತ್ತಾರೆ. ನಮ್ಮ ಕಡೆ ಬೇಡ. ಮಳೆಗಾಲದಲ್ಲಿ ಲೈನಿಗೆ ಗೆಲ್ಲು ತಾಗಿದರೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ಪ್ರತಿ ಸಲವೂ ಪಿಸಿ ಏಳುತ್ತಾ ಅರ್ಧದಲ್ಲಿ ಸಾಯುತ್ತಾ ಇದ್ದರೆ ಡಿಸ್ಕಿನ ಫೈಲುಗಳಿಗೆ ಒಳ್ಳೆಯದಲ್ಲ. ಆಫ್ ಆಗಿಯೇ ಇರಲಿ, ಬೇಕಾದಾಗ ಬೆಲ್ ಒತ್ತಿದರಾಯಿತು.

ಇನ್ನು ಸಿಡಿಲು. ಏಪ್ರಿಲ್-ಮೇಯಲ್ಲಿ ಮತ್ತು ತುಲಾ ಮಳೆಯ ಹೊತ್ತಿಗೆ ಮಧ್ಯಾಹ್ನ ಕಳೆದರೆ ಗುಡುಗು ಶುರು. ಗುಡುಗಿದ ಕೂಡಲೇ ಪ್ಲಗ್ ಎಳೆಯುವುದು ಇಲ್ಲಿ ಎಲ್ಲರಿಗೂ ಅಭ್ಯಾಸ. ಆದರೆ ಪ್ಲಗ್ ಮಾತ್ರ ಎಳೆದರೆ ಸಾಲದು. ಮಾಡಿನ ಮೇಲಿನ ಡಿಶ್‌ನಿಂದ ಬರುವ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಟಿವಿಗೆ, ಟಿವಿಯಿಂದ ಇನ್ನೊಂದು ಎಚ್‌ಡಿಎಂಐ ನೇರ ನಮ್ಮ ಬೋರ್ಡಿಗೆ. ಇಡೀ ದಾರಿ ತಾಮ್ರ. ಸಿಡಿಲಿಗೆ ಅಷ್ಟು ಸಾಕು. ಡಿಶ್ ಕೇಬಲನ್ನೂ ತೆಗೆದಿಡಬೇಕು. ನೆಟ್‌ವರ್ಕಿಗೂ ಇದೇ ಲೆಕ್ಕ. ಮನೆಗೆ ಬರುವ ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ರೂಟರಿನಿಂದ ಪಿಸಿಗೆ ಎಳೆದ ಲ್ಯಾನ್ ಕೇಬಲ್ ತಾಮ್ರವೇ. ಈ ಬೋರ್ಡಿನಲ್ಲಿ ವೈಫೈ ಕಾರ್ಡಿಗೆ ಪುಟ್ಟ ಎಂ.2 ಜಾಗ ಇತ್ತು, ಅದಕ್ಕೊಂದು ಕಾರ್ಡ್ ಹಾಕಿ ಲ್ಯಾನ್ ಕೇಬಲಿನ ಗೋಜೇ ಬಿಟ್ಟೆ. ಬೋರ್ಡ್ ಆರಿಸುವಾಗ ಇಂಥ ಕೀ-ಇ ಸ್ಲಾಟ್ ಇದೆಯಾ ಅಂತ ನಮ್ಮ ಕಡೆಯವರು ನೋಡಲೇಬೇಕು.

ಸಾಫ್ಟ್‌ವೇರ್ ಡೆಬಿಯನ್ 12 ಎಂಬ ಲಿನಕ್ಸ್, ಅದರ ಮೇಲೆ ವಿಡಿಯೋ ತೋರಿಸಲು ಕೋಡಿ. ಬರೀ ನೋಡಲು ಮಾತ್ರ ಆದರೆ ಕೋಡಿಯನ್ನಷ್ಟೇ ಓಡಿಸುವ ಲಿಬ್ರೆಎಲೆಕ್ ಇನ್ನೂ ಸುಲಭ. ನನಗೆ ಟೇಪ್ ಇಳಿಸುವ ಡಿವಿಗ್ರ್ಯಾಬ್ ಬೇಕಿತ್ತು, ಅದಕ್ಕೆ ಪೂರ್ತಿ ಲಿನಕ್ಸೇ ಸರಿ. ಲಿನಕ್ಸ್ ಕರ್ನಲಿನಲ್ಲಿ ಫೈರ್‌ವೈರ್ ಭಾಗವನ್ನು ನೋಡಿಕೊಳ್ಳುವವರು 2029ರ ವರೆಗೆ ಅದನ್ನು ನಡೆಸುವುದಾಗಿ ಹೇಳಿದ್ದಾರೆ. ಅಂದರೆ ನಮ್ಮ ಟೇಪುಗಳಿಗೂ ಅಷ್ಟರೊಳಗೆ ಗತಿ ಕಾಣಿಸಬೇಕು. ನೆಟ್‌ಫ್ಲಿಕ್ಸ್‌ನಂಥವನ್ನು 4ಕೆಯಲ್ಲಿ ನೋಡುವ ಆಸೆ ಇದ್ದರೆ ಲಿನಕ್ಸಿನಲ್ಲಿ ಆಗುವುದಿಲ್ಲ, ಅದಕ್ಕೆ ಟಿವಿಯ ಆಪ್ ಇದೆ.

ಕೋಡಿಯಲ್ಲಿ ಎರಡು ಸೆಟ್ಟಿಂಗ್ ಮುಖ್ಯ. ವಿಡಿಯೋಕ್ಕೆ ತಕ್ಕಂತೆ ಡಿಸ್‌ಪ್ಲೇಯ ರಿಫ್ರೆಶ್ ರೇಟ್ ಬದಲಿಸುವ ಆಯ್ಕೆಯನ್ನು ಆನ್ ಮಾಡಿ. ಆಗ ಪಾಲ್ ಡಿವಿಡಿ ಹಾಕಿದರೆ ಟಿವಿ 50ಕ್ಕೆ, 24 ಫ್ರೇಮಿನ ಸಿನಿಮಾ ಹಾಕಿದರೆ 24ಕ್ಕೆ ಹೋಗುತ್ತದೆ. ಪ್ಲೇಬ್ಯಾಕನ್ನು ಡಿಸ್‌ಪ್ಲೇಗೆ ಹೊಂದಿಸುವ ಇನ್ನೊಂದು ಆಯ್ಕೆ ಇದೆ, ಅದನ್ನು ಆಫ್ ಇಡಿ. ರೇಟ್ ಹೊಂದದಿದ್ದಾಗ ಅದು ವಿಡಿಯೋದ ವೇಗವನ್ನೇ ಸ್ವಲ್ಪ ಬದಲಿಸಬಲ್ಲದು, ವೇಗ ಬದಲಾದರೆ ಭಾಗವತರ ಶ್ರುತಿಯೂ ಏರುಪೇರಾಗುತ್ತದೆ. ಹಾಡು ಬಲ್ಲವರ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಟಿವಿಯ ಕಡೆಯೂ ಒಂದು ಕೆಲಸ ಇದೆ. 4ಕೆ 60ರ ಪೂರ್ತಿ ಸಿಗ್ನಲ್ ಬೇಕಾದರೆ ಹೆಚ್ಚಿನ ಟಿವಿಗಳಲ್ಲಿ ಆ ಎಚ್‌ಡಿಎಂಐ ಕಿಂಡಿಗೆ ಒಂದು ಸೆಟ್ಟಿಂಗ್ ಆನ್ ಮಾಡಬೇಕು. ಎಲ್‌ಜಿಯಲ್ಲಿ ಡೀಪ್ ಕಲರ್, ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಸೋನಿಯಲ್ಲಿ ಸಿಗ್ನಲ್ ಫಾರ್ಮ್ಯಾಟ್ ಎನ್‌ಹ್ಯಾನ್ಸ್ಡ್. ಇದು ಆಫ್ ಇದ್ದರೆ ಎಷ್ಟು ಒಳ್ಳೆ ಬೋರ್ಡ್ ತಂದರೂ ಉಪಯೋಗ ಇಲ್ಲ. ವಯರ್‌ಲೆಸ್ ಕೀಬೋರ್ಡಿನ ಡಾಂಗಲನ್ನು ಹಿಂದಿನ ಯುಎಸ್‌ಬಿ 3 ಕಿಂಡಿಯ ಪಕ್ಕ ಹಾಕಬೇಡಿ. ಯುಎಸ್‌ಬಿ 3ರಿಂದ 2.4 ಗಿಗಾಹರ್ಟ್ಜ್‌ಗೆ ತೊಂದರೆ ಆಗುತ್ತದೆ, ಕೀ ಒತ್ತಿದ್ದು ಅರ್ಧ ಹೋಗುವುದಿಲ್ಲ. ಒಂದು ಸಣ್ಣ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಮುಂದಕ್ಕೆ ತಂದರೆ ಸರಿಯಾಗುತ್ತದೆ.

ಟೇಪ್ ಇಳಿಸುವ ಕೆಲಸ ಮೇ ಕೊನೆಯ ಪತ್ತನಾಜೆ ಕಳೆದು ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಶುರು ಮಾಡಿದೆ. ಮಳೆಗೆ ಹೊರಗೆ ಹೋಗಲಿಕ್ಕಿಲ್ಲ, ಅಪ್ಪನೂ ಪಕ್ಕದಲ್ಲೇ ಕೂರುತ್ತಾರೆ. ಬೂಷ್ಟು ಕಂಡ ಟೇಪನ್ನು ಹಾಗೆಯೇ ಕ್ಯಾಮೆರಾಕ್ಕೆ ಹಾಕುವುದಿಲ್ಲ, ಅದು ಹೆಡ್ಡಿಗೆ ಅಂಟಿ ಮುಂದಿನ ಟೇಪನ್ನೂ ಹಾಳು ಮಾಡುತ್ತದೆ. ಅವನ್ನು ಬೇರೆ ಇಟ್ಟಿದ್ದೇನೆ. ಶುದ್ಧ ಇರುವುದನ್ನು ಒಮ್ಮೆ ಕೊನೆಯ ವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಇಳಿಸುತ್ತೇನೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಬೇಗ ಮಾಡುವ ದಾರಿ ಇಲ್ಲ. ಇಳಿಸುವಾಗ ಪ್ರೊಸೆಸರಿಗೆ ಏನೂ ಕೆಲಸವಿಲ್ಲ, ಎನ್100 ಮಲಗಿದ ಹಾಗೇ ಇರುತ್ತದೆ.

ಇದರಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಒಂದಿದೆ. ಡಿವಿ ಟೇಪಿನಲ್ಲಿ ಚಿತ್ರದ ಜೊತೆಗೆ ತೆಗೆದ ದಿನ, ಗಂಟೆ ಕೂಡ ದಾಖಲಾಗಿರುತ್ತದೆ. ಕ್ಯಾಮೆರಾದ ಗಡಿಯಾರ ಸರಿ ಇದ್ದರೆ ಸಾಕು. ಡಿವಿಗ್ರ್ಯಾಬ್ ಅದನ್ನು ಓದಿ ಫೈಲಿನ ಹೆಸರಿಗೇ ಸೇರಿಸುತ್ತದೆ. ಪೆಟ್ಟಿಗೆಯ ಟೇಪುಗಳ ಮೇಲೆ ಚೀಟಿ ಉದುರಿ ಹೋಗಿ ಯಾವುದು ಎಲ್ಲಿಯ ಆಟ ಅಂತ ಗೊತ್ತಿರಲಿಲ್ಲ. ಈಗ ತಾರೀಕು ಓದಿದರೆ ಅಪ್ಪ, "ಹಾಂ, ಅದು ನೀರ್ಚಾಲಿನದ್ದು, ಆ ದಿನ ಮಳೆ ಬಂದು ಆಟ ಸ್ವಲ್ಪ ಹೊತ್ತು ನಿಂತಿತ್ತು" ಅಂತ ಹೇಳಿಬಿಡುತ್ತಾರೆ. ಅದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ವೇಷಧಾರಿಗಳ ಹೆಸರು, ಭಾಗವತರು, ಚೆಂಡೆ ಮದ್ದಳೆಗೆ ಯಾರು, ಎಲ್ಲ.

ಇಳಿಸಿದ್ದನ್ನು ನೋಡುವಾಗ ಒಂದು ಕಡೆ ಗಮನ ಇರಲಿ. ಡಿವಿಯಲ್ಲಿ ಕೆಳಗಿನ ಸಾಲಿನ ಅರ್ಧ ಮೊದಲು ಬರುತ್ತದೆ, ಹೆಚ್ಚಿನ ಬೇರೆ ವಿಡಿಯೋಗಳಲ್ಲಿ ಮೇಲಿನದು ಮೊದಲು. ಹೊಸ ಫೈಲ್ ಮಾಡುವಾಗ ಇದನ್ನು ತಪ್ಪು ಹೇಳಿದರೆ ಓಡುವ ವೇಷ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತದೆ. ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರಿನ ಬಾಬ್-ವೀವರ್ ಫಿಲ್ಟರಿಗೆ ಈ ಅರ್ಧಗಳ (ಫೀಲ್ಡಿನ) ಕ್ರಮವನ್ನು ಸರಿಯಾಗಿ ಕೊಟ್ಟು 50 ಫ್ರೇಮಿನ ಫೈಲ್ ಮಾಡಿ. ಮೂಲ ಡಿವಿ ಫೈಲನ್ನು ಮಾತ್ರ ಯಾವತ್ತೂ ಅಳಿಸಬೇಡಿ. ಇನ್ನೂ ಒಳ್ಳೆ ಫಿಲ್ಟರ್ ಬಂದಾಗ ಅದರಿಂದಲೇ ಮತ್ತೆ ಮಾಡಬಹುದು. ನಮ್ಮ ಮೂಲ ಫೈಲುಗಳ ಇನ್ನೊಂದು ಪ್ರತಿ ಪುತ್ತೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದೆ.

ಡಿವಿಡಿ ನೋಡುವಾಗ ಗೋಡೆಯ ಪ್ಲಗ್ಗಿನಲ್ಲಿ ಮೀಟರ್ ಇಟ್ಟು ನೋಡಿದರೆ ಇಡೀ ಪಿಸಿ ಎಳೆಯುವುದು 15 ವ್ಯಾಟ್ ಒಳಗೆ. ಮನೆಯ ಇನ್ವರ್ಟರಿಗೆ ಜೋಡಿಸಿದರೂ ಇದು ಲೆಕ್ಕಕ್ಕೇ ಇಲ್ಲ, ಆಗ ಕರೆಂಟ್ ಹೋದರೂ ಆಟ ನಿಲ್ಲುವುದಿಲ್ಲ, ಎಳೆಯುವುದೆಲ್ಲ ಟಿವಿಯದ್ದೇ. ಇನ್ನು ಉಳಿದದ್ದು ಬೂಷ್ಟು ಹಿಡಿದ ಟೇಪುಗಳು, ಮತ್ತೆ ಅಟ್ಟದಲ್ಲಿ ಸಿಕ್ಕಿದ ಕೆಲವು ವಿಎಚ್‌ಎಸ್ ಕ್ಯಾಸೆಟ್‌ಗಳು. ವಿಎಚ್‌ಎಸ್ ಪೂರ್ತಿ ಅನಲಾಗ್, ಅದಕ್ಕೆ ಫೈರ್‌ವೈರ್ ನೇರವಾಗಿ ಆಗುವುದಿಲ್ಲ. ಕೆಲವು ಹ್ಯಾಂಡಿಕ್ಯಾಮ್‌ಗಳು ಅನಲಾಗ್ ಒಳಗೆ ತೆಗೆದುಕೊಂಡು ಫೈರ್‌ವೈರಿನಲ್ಲಿ ಡಿವಿಯಾಗಿ ಹೊರಗೆ ಕೊಡುತ್ತವೆ. ಚಿಕ್ಕಪ್ಪನ ಕ್ಯಾಮೆರಾದ ಮೆನುವಿನಲ್ಲಿ ಎವಿ-ಡಿವಿ ಔಟ್ ಅಂತ ಒಂದು ಆಯ್ಕೆ ಕಂಡಿದೆ. ಓಡುವ ವಿಸಿಆರ್ ಒಂದು ಸಿಕ್ಕಿದರೆ ಇದೇ ಕಾರ್ಡಿನಲ್ಲಿ ಅದನ್ನೂ ಇಳಿಸಬಹುದು. ಮಂಜೇಶ್ವರ, ಕುಂಬಳೆ ಕಡೆ ಯಾರ ಮನೆಯಲ್ಲಾದರೂ ಕೆಲಸ ಮಾಡುವ ವಿಸಿಆರ್ ಇದ್ದರೆ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ನಿಮ್ಮ ಕ್ಯಾಸೆಟ್ ಇದ್ದರೆ ಜೊತೆಗೆ ಅದನ್ನೂ ಇಳಿಸಿಕೊಡುತ್ತೇನೆ.